ಕೋವಿ ಪಿಸ್ತೂಲುಗಳ ಆರೈಕೆ

ಆಯುಧಪೂಜೆಯ ದಿನ ನಮ್ಮ ಮಂಡ್ಯದ ಬೀದಿಗಳಲ್ಲಿ ನಡೆದರೆ ಲಾರಿ, ಟ್ರ್ಯಾಕ್ಟರು, ಆಲೆಮನೆಯ ಗಾಣ, ಕಬ್ಬು ಕಡಿಯುವ ಮಚ್ಚು, ಹೊಲಿಗೆ ಯಂತ್ರ, ಕೊನೆಗೆ ಅಡಿಗೆಮನೆಯ ಈಳಿಗೆಮಣೆ ಕೂಡ ಮೈತೊಳೆದುಕೊಂಡು, ಕುಂಕುಮವಿಟ್ಟುಕೊಂಡು ನಿಂತಿರುವುದು ಕಾಣುತ್ತದೆ. ಪೂಜೆಗೆ ಮುನ್ನ ಶುದ್ಧಿಯಾಗಬೇಕೆಂಬುದರಲ್ಲಿಯೇ ಹಬ್ಬದ ಅರ್ಧ ಅರ್ಥವಿದೆ. ಎಲ್ಲಿ ತುಕ್ಕು ಹಿಡಿದಿದೆ, ಎಲ್ಲಿ ತಿರುಪು ಸಡಿಲವಾಗಿದೆ ಎಂದು ವರ್ಷಕ್ಕೊಮ್ಮೆಯಾದರೂ ಮನೆಯವನು ನೋಡಲಿ ಎಂಬ ವಿವೇಕ ಅದರಲ್ಲಿ ಅಡಗಿದೆ. ಆದರೆ ಆ ಸಾಲಿನಲ್ಲಿ ಇರಬಹುದಾದ ಒಂದು ವಸ್ತುವನ್ನು ಮಾತ್ರ ಮಚ್ಚಿನಂತೆ ಎತ್ತಿಕೊಂಡು ಒರೆಸುವಂತಿಲ್ಲ. ಅದೇ ಪರವಾನಗಿ ಪಡೆದು ಮನೆಯಲ್ಲಿಟ್ಟುಕೊಂಡ ಕೋವಿ ಅಥವಾ ಪಿಸ್ತೂಲು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನ ಸೋದರಮಾವನ ಮನೆ ಮಳವಳ್ಳಿ ತಾಲ್ಲೂಕಿನಲ್ಲಿ, ಮುತ್ತತ್ತಿಯ ಕಡೆಯ ಕಾಡಿನಂಚಿನಲ್ಲಿತ್ತು. 1987ರಲ್ಲಿ ಕಾವೇರಿ ವನ್ಯಜೀವಿಧಾಮವೆಂದು ಘೋಷಣೆಯಾದದ್ದು ಈ ಕಾಡೇ. ಹಂದಿ ಆನೆಗಳಿಂದ ಬೆಳೆ ಕಾಯಲೆಂದು ಮಾವ ಜೋಡುನಳಿಗೆ ಕೋವಿಯೊಂದನ್ನು ಇಟ್ಟುಕೊಂಡಿದ್ದರು. ಒಂದು ಆಯುಧಪೂಜೆಯ ಬೆಳಗ್ಗೆ, "ಬಾರೋ, ಇದನ್ನಷ್ಟು ಒರೆಸಿಕೊಡು" ಎಂದು ನನ್ನ ಕೈಗೆ ಕೊಟ್ಟರು. ಹೈಸ್ಕೂಲು ಹುಡುಗನಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇಕೆ? ಕೋವಿ ಬರಿದೆಂದು ಮಾವನೂ ನಂಬಿದ್ದರು, ನಾನೂ ನಂಬಿದ್ದೆ. ನಾನು ಉಜ್ಜುತ್ತಿದ್ದೆ, ಎದುರಿಗೆ ತಂಗಿ ಹೂ ಕಟ್ಟುತ್ತಾ ಕುಳಿತಿದ್ದಳು. ಅಜ್ಜ ಒಳಗೆ ಬಂದವರು ಕೋವಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ನಡು ಮಡಿಸಿ ತೋರಿಸಿದರು. ಎಡನಳಿಗೆಯಲ್ಲಿ ತೋಟೆ ಇತ್ತು. ಯಾರೂ ಮಾತನಾಡಲಿಲ್ಲ. ಮಾವ ಆ ದಿನ ಊಟಕ್ಕೆ ಏಳಲಿಲ್ಲ.

ಮುಂದೆ ಎನ್.ಸಿ.ಸಿ.ಯಲ್ಲಿ ರೈಫಲನ್ನು ಬಿಚ್ಚಿ, ಶುಚಿಮಾಡಿ, ಜೋಡಿಸುವುದನ್ನು ಕಲಿತೆ. 'ಖೋಲ್ನಾ, ಜೋಡ್ನಾ' ಎಂಬ ಆ ಹಿಂದಿ ಪಾಠವನ್ನು ಎಷ್ಟೋ ಕನ್ನಡದ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಆ ಪಾಠದ ಮೊದಲ ಮಾತೂ ಅಜ್ಜನ ಮಾತೇ ಆಗಿತ್ತು: ಆಯುಧ ಬರಿದಾಗಿದೆಯೆಂದು ಯಾರ ಮಾತನ್ನೂ ನಂಬಬೇಡ, ನೀನೇ ನೋಡು.

ನಮ್ಮ ಭಾಷೆಯಲ್ಲಿ ಕೋವಿ ಎಂಬ ಶಬ್ದಕ್ಕೆ ಕೊಳವೆ ಎಂಬ ಅರ್ಥವೂ ಉಂಟು. ಕೊಳವೆಯ ಹೊರಮೈ ಹೊಳೆಯುತ್ತಿದ್ದರೆ ಒಳಗೇನಿದೆಯೆಂದು ತಿಳಿಯದು. ಅಪಾಯದ ಮೂಲವೆಲ್ಲ ಇಲ್ಲಿದೆ. ಪಿಸ್ತೂಲಿನಲ್ಲಿ ಈ ಮೋಸ ಇನ್ನೂ ಸೂಕ್ಷ್ಮ. ಅದರ ಗುಂಡುಗಳಿರುವುದು ಹಿಡಿಯೊಳಗೆ ಕೂರುವ ಸಣ್ಣ ಪೆಟ್ಟಿಗೆಯಲ್ಲಿ. ಇದಕ್ಕೆ ಮ್ಯಾಗಜೀನ್ ಎಂದು ಹೆಸರು. ನಳಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಉಕ್ಕಿನ ಕವಚವೇ ಸ್ಲೈಡ್. ಅದು ಹಿಂದೆ ಸರಿದು ಮುಂದೆ ಬರುವಾಗ ಪೆಟ್ಟಿಗೆಯ ಮೇಲ್ತುದಿಯ ಗುಂಡೊಂದನ್ನು ತಳ್ಳಿಕೊಂಡು ನಳಿಗೆಯ ಹಿಂಬದಿಯ ಗೂಡಿಗೆ ಸೇರಿಸುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಹೊರತೆಗೆದ ಮಾತ್ರಕ್ಕೆ ಪಿಸ್ತೂಲು ಬರಿದಾಗುವುದಿಲ್ಲ. ಗೂಡಿನಲ್ಲಿ ಒಂದು ಗುಂಡು ಉಳಿದಿರಬಹುದು.

ಇಲ್ಲಿ ಕ್ರಮವೇ ಪ್ರಾಣ. ಬಾಯನ್ನು ಜನರಿಲ್ಲದ ದಿಕ್ಕಿಗೆ ಮಾಡಿ, ಬೆರಳನ್ನು ಕುದುರೆಯಿಂದ ದೂರವಿಟ್ಟು, ಮೊದಲು ಪೆಟ್ಟಿಗೆಯನ್ನು ತೆಗೆಯಬೇಕು. ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು ನಿಲ್ಲಿಸಿ, ಗೂಡನ್ನು ಬೆಳಕಿನಲ್ಲಿ ಕಣ್ಣಾರೆ ನೋಡಬೇಕು. ಈ ಕ್ರಮ ತಲೆಕೆಳಗಾದರೆ ಏನಾಗುತ್ತದೆ? ಸ್ಲೈಡ್ ಎಳೆದಾಗ ಒಂದು ಗುಂಡು ಹೊರಬೀಳುತ್ತದೆ, ನಮಗೆ ಸಮಾಧಾನವಾಗುತ್ತದೆ. ಅಷ್ಟರಲ್ಲಿ ಪೆಟ್ಟಿಗೆಯ ಮತ್ತೊಂದು ಗುಂಡು ಸದ್ದಿಲ್ಲದೆ ಅದರ ಜಾಗದಲ್ಲಿ ಕುಳಿತಿರುತ್ತದೆ! ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆಯೇ ಬಟ್ಟೆ, ಎಣ್ಣೆಗಳನ್ನು ಕೈಗೆತ್ತಿಕೊಳ್ಳತಕ್ಕದ್ದು.

ಶುಚಿಮಾಡುವ ಕೆಲಸ ಸರಳ. ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟನ್ನು ಮಾತ್ರ ಬಿಚ್ಚಬೇಕು. ಸಾಮಾನ್ಯವಾಗಿ ಸ್ಲೈಡ್, ನಳಿಗೆ, ಅದರ ಕೆಳಗಿನ ಸುರುಳಿ ಸ್ಪ್ರಿಂಗು, ಇಷ್ಟು ಹೊರಬರುತ್ತವೆ. ಬಿಚ್ಚಿದ ಕ್ರಮದಲ್ಲಿಯೇ ಅವನ್ನು ಬಿಳಿಯ ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟರೆ, ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ನಳಿಗೆಯನ್ನು ಸಾಧ್ಯವಾದಾಗಲೆಲ್ಲ ಗೂಡಿನ ಕಡೆಯಿಂದ ಉಜ್ಜಬೇಕು; ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ. ಮದ್ದಿನ ಮಸಿ ಹೋಗುವವರೆಗೆ ಒಣಬಟ್ಟೆ ಹಾಯಿಸಿ, ಕೊನೆಗೆ ಆಯುಧಕ್ಕೆಂದೇ ಇರುವ ತೆಳುವಾದ ಎಣ್ಣೆಯನ್ನು ಹಚ್ಚಿ, ಹೆಚ್ಚಾದುದನ್ನು ಒರೆಸಿಬಿಡಬೇಕು.

ನಮ್ಮಲ್ಲಿ ತಪ್ಪಾಗುವುದು ಈ ಎಣ್ಣೆಯಲ್ಲಿಯೇ. ಅಡಿಗೆಯ ಎಣ್ಣೆ ಕಾಲಕ್ರಮದಲ್ಲಿ ಅಂಟಾಗುತ್ತದೆ. ಧೂಳನ್ನೂ ಮಸಿಯನ್ನೂ ಹಿಡಿದುಕೊಂಡು ಒಳಭಾಗಗಳ ಓಡಾಟವನ್ನು ಕಟ್ಟಿಹಾಕುತ್ತದೆ. ಎಣ್ಣೆ ಹೆಚ್ಚಾದರೂ ಕೇಡೇ. ಚರ್ಮದ ಒರೆಯಲ್ಲಿ ವರ್ಷಗಟ್ಟಲೆ ಇಡುವುದೂ ಬೇಡ. ಚರ್ಮ ತೇವವನ್ನು ಹೀರಿ ಉಕ್ಕಿಗೆ ಕೊಡುತ್ತದೆ. ಮದ್ದೂರಿಗೆ ಆ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ ಅಲ್ಲಿ ಮದ್ದು ಕೂಡಿಟ್ಟಿದ್ದರಿಂದ ಎಂದು ಜನ ಹೇಳುವುದುಂಟು. ಹೊಯ್ಸಳರ ಕಾಲದ ಉಗ್ರನರಸಿಂಹನ ಗುಡಿಯಿರುವ ಆ ಊರೇನೋ ಟಿಪ್ಪುವಿನ ಮದ್ದಿಗಿಂತ ಹಳೆಯದು. ಹೆಸರಿನ ಕಥೆ ಹೇಗೇ ಇರಲಿ, ಮದ್ದಿಗೂ ಉಕ್ಕಿಗೂ ತೇವವೇ ಹಗೆ ಎಂಬುದು ನಾಲೆಯ ನೀರಿನ ನಮ್ಮ ಊರುಗಳವರು ನೆನಪಿಡಬೇಕಾದ ಮಾತು.

ಇನ್ನು ಹೊಸ ಭಾಗಗಳನ್ನು ಕೂಡಿಸುವ ವಿಚಾರ. ಬಿಚ್ಚಿದ್ದನ್ನು ಮತ್ತೆ ಜೋಡಿಸುವುದು ಬೇರೆ, ಹೊಸದನ್ನು ಕೂಡಿಸುವುದು ಬೇರೆ. ಕುದುರೆ, ಅದರ ಕೊಕ್ಕೆ, ಗುಂಡಿನ ಹಿಂಬದಿಯನ್ನು ಬಡಿಯುವ ಮೊಳೆ, ಇವೆಲ್ಲ ಕೂದಲೆಳೆಯ ಲೆಕ್ಕದಲ್ಲಿ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಕೊಕ್ಕೆ ಸ್ವಲ್ಪ ಸವೆದರೂ ಪಿಸ್ತೂಲು ಕೈಜಾರಿ ನೆಲಕ್ಕೆ ಬಿದ್ದಾಗ ತಾನಾಗಿ ಹಾರಬಹುದು. ಅರದಿಂದ ತಿಕ್ಕಿ ಸರಿಪಡಿಸುವ ಚಾತುರ್ಯ ಇಲ್ಲಿ ಸಲ್ಲದು. ಕಾನೂನೂ ಇದನ್ನೇ ಹೇಳುತ್ತದೆ. 1959ರ ಆಯುಧ ಅಧಿನಿಯಮದಂತೆ ಆಯುಧವನ್ನು ಇಟ್ಟುಕೊಳ್ಳುವುದಕ್ಕೆ ಹೇಗೋ ಹಾಗೆಯೇ ಆಯುಧ ರಿಪೇರಿಯ ವೃತ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ಸರಕಾರಿ ಕಾರ್ಖಾನೆಯಲ್ಲಿ ತಯಾರಾದ ಒಂದು ಪಿಸ್ತೂಲಿಗೆ 'ಅಶನಿ' ಎಂಬ ಹೆಸರಿದೆ; ಸಂಸ್ಕೃತದಲ್ಲಿ ಹಾಗೆಂದರೆ ಸಿಡಿಲು. ಸಿಡಿಲನ್ನು ಊರ ಕುಲುಮೆಗೆ ಒಯ್ಯಲಾದೀತೆ?

ಒಂದು ಸಣ್ಣ ಭಾಗದ ಬೆಲೆ ಎಷ್ಟೆಂಬುದನ್ನು ದೇಶವೇ ಕಂಡದ್ದು 2021ರ ಜುಲೈನಲ್ಲಿ. ಟೋಕಿಯೋ ಒಲಿಂಪಿಕ್ಸಿನ 10 ಮೀಟರ್ ಗಾಳಿ ಪಿಸ್ತೂಲಿನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲಿನ ಸನ್ನೆಯೊಂದು ಮುರಿಯಿತು. ರಿಪೇರಿಯಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದುಹೋದವು. ಅವರು 575 ಅಂಕ ಗಳಿಸಿ 12ನೆಯ ಸ್ಥಾನಕ್ಕೆ ನಿಂತರು. ಅಂತಿಮ ಸುತ್ತು ತಪ್ಪಿತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಅವರೇ ಎರಡು ಕಂಚಿನ ಪದಕ ಗೆದ್ದರು. ಅಷ್ಟು ನುರಿತವರ ಕೈಯಲ್ಲಿಯೂ ಒಂದು ಸನ್ನೆ ಹೀಗೆ ಕೈಕೊಡುವುದಾದರೆ, ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿದ ಆಯುಧದ ಮಾತೇನು?

ಚುನಾವಣೆಯ ಕಾಲದಲ್ಲಿ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕಾಗಿ ಬರುವುದುಂಟು. ಕೊಡುವ ಮುನ್ನ ಶುಚಿಮಾಡಿ ತೆಳ್ಳಗೆ ಎಣ್ಣೆ ಸವರಿ ಕೊಡಬೇಕು. ಮರಳಿ ಬಂದಾಗ ಗೂಡನ್ನೂ ನಳಿಗೆಯನ್ನೂ ಮತ್ತೆ ನೋಡಬೇಕು. ನಳಿಗೆಯಲ್ಲಿ ಹುಳು ಕಟ್ಟಿದ ಮಣ್ಣಿನ ಗೂಡಿದ್ದು, ಅದನ್ನು ನೋಡದೆ ಹಾರಿಸಿದರೆ ನಳಿಗೆಯೇ ಸಿಡಿಯಬಹುದು.

ಕೊಡಗಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಮನೆಯ ಕೋವಿಗಳನ್ನು ಶುಚಿಮಾಡಿ, ತೋಕ್‌ಪೂ ಎಂದು ಅವರು ಕರೆಯುವ ಕೆಂಪು ಹಳದಿ ಹೂವನ್ನು ಮುಡಿಸಿ ಪೂಜಿಸುತ್ತಾರೆ. 'ತೋಕ್' ಎಂದರೆ ಕೋವಿ, 'ಪೂ' ಎಂದರೆ ಹೂ. ಆಯುಧವನ್ನು ಗೌರವದಿಂದ ಕಾಣುವವನು ಅದನ್ನು ಆಟಿಕೆಯಂತೆ ಎಲ್ಲೆಂದರಲ್ಲಿ ಬಿಡುವುದಿಲ್ಲ.

ನಮ್ಮಲ್ಲಿ ಬಹುಮಂದಿಯ ಮನೆಗಳಲ್ಲಿ ಪಿಸ್ತೂಲಿಲ್ಲ, ಇಲ್ಲದಿರುವುದು ನೆಮ್ಮದಿಯೇ. ಇರುವ ಮನೆಯವರು ಮುಂದಿನ ಆಯುಧಪೂಜೆಗೆ ಇಷ್ಟು ಮಾಡಲಿ: ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರೇ ಆಯುಧವನ್ನು ಹೊರತೆಗೆಯಲಿ. ಮಕ್ಕಳು ಬೇರೆ ಕಡೆ ಇರಲಿ. ಬಾಗಿಲು ಮುಚ್ಚಿಕೊಂಡು, ಬೆಳಕಿಗೆ ಹಿಡಿದು, ಗೂಡು ಬರಿದಾಗಿದೆಯೆಂದು ಎರಡು ಸಲ ನೋಡಲಿ. ಕುಂಕುಮ ಆಮೇಲೆ. ನನ್ನ ತಂಗಿ ಈಗ ಮೊಮ್ಮಗಳಿಗೆ ಹೂ ಕಟ್ಟುವುದನ್ನು ಕಲಿಸುತ್ತಿದ್ದಾಳೆ. ಅವಳನ್ನು ಕಂಡಾಗಲೆಲ್ಲ ನನಗೆ ಅಜ್ಜನ ಕೈ ನೆನಪಾಗುತ್ತದೆ.