ಮನೆಗೆ ಕಳುಹಿಸುವ ಮುನ್ನ ಒಂದು ರಕ್ತಪರೀಕ್ಷೆ

ಹೃದಯ ವೈಫಲ್ಯವೆಂದರೆ ಹೃದಯ ಥಟ್ಟನೆ ನಿಂತುಹೋಗುವುದಲ್ಲ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ಒತ್ತಿ ಕಳುಹಿಸಲಾರದೆ ದಿನದಿನವೂ ಸೋಲುವುದು. ಕಾಲು ಬಾತು, ಮಲಗಿದರೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದವರು ನಾಲ್ಕಾರು ದಿನಗಳಲ್ಲಿ ನೀರಿಳಿದು, ಹಗುರಾಗಿ ಮನೆಗೆ ಮರಳುತ್ತಾರೆ. ಆದರೆ ಅಪಾಯ ಅಲ್ಲಿಗೆ ಮುಗಿಯುವುದಿಲ್ಲ. 2013ರಲ್ಲಿ ತಿರುವನಂತಪುರ ಜಿಲ್ಲೆಯ 18 ಆಸ್ಪತ್ರೆಗಳಿಗೆ ದಾಖಲಾದ 1,205 ರೋಗಿಗಳ ನೋಂದಣಿಯನ್ನು ನೋಡಿದರೆ, ಆಸ್ಪತ್ರೆಯಲ್ಲೇ ತೀರಿಕೊಂಡವರು ಶೇ. 8.5. ವರ್ಷ ತುಂಬುವಷ್ಟರಲ್ಲಿ ಅದು ಸುಮಾರು ಶೇ. 31ಕ್ಕೆ ಏರಿತ್ತು. ಹೆಚ್ಚಿನ ಸಾವು ಮನೆಗೆ ಹೋದ ಮೇಲಿನದು. ಹಾಗಾದರೆ ಯಾರನ್ನು ವಾರದೊಳಗೆ ಮತ್ತೆ ನೋಡಲೇಬೇಕು? ಈ ತೀರ್ಮಾನವನ್ನು ಕಣ್ಣಂದಾಜಿಗೆ ಮಾತ್ರ ಬಿಡದೆ ರಕ್ತವನ್ನೂ ಕೇಳಬೇಕು, ತಜ್ಞರು ದೂರವಿರುವ ಕಾಸರಗೋಡಿನಂಥ ಜಿಲ್ಲೆಯಲ್ಲಂತೂ ಕೇಳಲೇಬೇಕು.

ಯಾರಿಗೆ ಅಪಾಯ ಹೆಚ್ಚೆಂದು ರಕ್ತಕ್ಕೆ ಗೊತ್ತಾಗುವುದು ಹೇಗೆ? ಒಳಗಿನ ಒತ್ತಡಕ್ಕೆ ಹೃದಯದ ಗೋಡೆ ಹಿಗ್ಗಿದಾಗ ಅದರ ಸ್ನಾಯುಕೋಶಗಳು 108 ಅಮೈನೋ ಆಮ್ಲಗಳ ಒಂದು ಸರವನ್ನು ಕಟ್ಟುತ್ತವೆ. ಆ ಸರ ಎರಡಾಗಿ ತುಂಡಾಗುತ್ತದೆ. 32ರ ತುಂಡು ಬಿಎನ್‌ಪಿ. ಇದು ಉಪ್ಪುನೀರನ್ನು ಮೂತ್ರದಲ್ಲಿ ಹೊರಹಾಕಿಸಿ ಹೃದಯದ ಭಾರ ಇಳಿಸಲು ಹೆಣಗುತ್ತದೆ. ಉಳಿದ 76ರ ತುಂಡು ಎನ್‌ಟಿ-ಪ್ರೊಬಿಎನ್‌ಪಿ. ಅದಕ್ಕೆ ಅಂಥ ಕೆಲಸವಿಲ್ಲ, ಆದರೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅಳೆಯಲು ಅನುಕೂಲ. ಚಿಕಿತ್ಸೆಯ ನಂತರ ಇದರ ಮಟ್ಟ ಶೇ. 30ಕ್ಕಿಂತ ಹೆಚ್ಚು ಇಳಿದವರ ಮುಂದಿನ ದಾರಿ ಸಾಮಾನ್ಯವಾಗಿ ಸುಗಮ. ಕಾಲಿನ ಬಾವು ಇಳಿದರೂ ಇದು ಇಳಿಯದಿದ್ದರೆ, ಹೃದಯ ಇನ್ನೂ ಒಳಗೊಳಗೇ ಒತ್ತಡದಲ್ಲಿದೆ ಎಂದರ್ಥ.

ಎನ್‌ಟಿ-ಪ್ರೊಬಿಎನ್‌ಪಿಯ ಈ ಅಂಕಿ ನಂಬಲರ್ಹವೇ ಎಂಬ ಆಕ್ಷೇಪ ಸಹಜ. ವಯಸ್ಸಾದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಅದು ಮೇಲಿರುತ್ತದೆ, ಸ್ಥೂಲಕಾಯರಲ್ಲಿ ಕೆಳಗೆ. ಹಾಗಾಗಿಯೇ ಒಂದು ಸಲದ ಅಂಕಿಗಿಂತ ಅದೇ ರೋಗಿಯ ಎರಡು ಅಂಕಿಗಳ ನಡುವಿನ ಏರಿಳಿತ ಮುಖ್ಯ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. 2017ರ ಗೈಡ್-ಐಟಿ ಅಧ್ಯಯನದಲ್ಲಿ ಈ ಅಂಕಿಯನ್ನೇ ಗುರಿಯಾಗಿಟ್ಟು ಔಷಧ ಕೊಟ್ಟಾಗ ಎಂದಿನ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಸಿಗಲಿಲ್ಲ. ನಿಜ, ಅಂಕಿಯನ್ನು ಬೆನ್ನಟ್ಟಿದ ಮಾತ್ರಕ್ಕೆ ರೋಗಿ ಉಳಿಯುವುದಿಲ್ಲ. ಆದರೆ 2022ರ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನದಲ್ಲಿ, ಬಿಡುಗಡೆಯಾದವರನ್ನು ಪದೇ ಪದೇ ಕರೆಸಿ, ದೇಹಪರೀಕ್ಷೆಯ ಜೊತೆಗೆ ಈ ರಕ್ತಪರೀಕ್ಷೆಯನ್ನೂ ನೋಡಿಕೊಂಡು ಔಷಧಗಳನ್ನು ಬೇಗನೆ ಪೂರ್ಣ ಪ್ರಮಾಣಕ್ಕೆ ಏರಿಸಿದರು. ಆರು ತಿಂಗಳಲ್ಲಿ ಸಾವು ಅಥವಾ ಮರುದಾಖಲಾತಿ ಶೇ. 23.3ರಿಂದ 15.2ಕ್ಕೆ ಇಳಿಯಿತು. ಕಾಪಾಡಿದ್ದು ಔಷಧ ಮತ್ತು ನಿಗಾ, ಆ ದಾರಿಯಲ್ಲಿ ಎಚ್ಚರಿಸಲು ನಿಂತದ್ದು ರಕ್ತಪರೀಕ್ಷೆ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯಗಳ ರೋಗಿಗಳು ದೊಡ್ಡ ಚಿಕಿತ್ಸೆಗೆ ಗಡಿಯಾಚೆ ಕರ್ನಾಟಕದ ಮಂಗಳೂರಿನತ್ತ ನೋಡುವುದು ಹಳೆಯ ರೂಢಿ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಎರಡು ರಾಜ್ಯಗಳ ನಡುವಿನ ತಲಪಾಡಿಯ ಗಡಿ ಮುಚ್ಚಿ ರೋಗಿಗಳು ಮಂಗಳೂರಿಗೆ ಹೋಗಲಾಗದಿದ್ದಾಗ ಆ ಅವಲಂಬನೆಗೆ ಜಿಲ್ಲೆ ತೆತ್ತ ಬೆಲೆಯನ್ನು ಯಾರೂ ಮರೆತಿಲ್ಲ. ತಜ್ಞರು ದೂರವಿರುವಲ್ಲಿ ಎಲ್ಲರನ್ನೂ ವಾರವಾರ ಕರೆಸುವುದು ಕಷ್ಟ. ಯಾರನ್ನು ಮೊದಲು ಕರೆಸಬೇಕೆಂದು ತಿಳಿಸುವ ಪರೀಕ್ಷೆಗೆ ಇಲ್ಲಿಯೇ ಬೆಲೆ ಹೆಚ್ಚು. ಪರೀಕ್ಷೆ ದುಬಾರಿ ಎನ್ನುವವರು ಗಡಿ ದಾಟಿ ಮತ್ತೊಮ್ಮೆ ದಾಖಲಾಗುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ. ಬಿಡುಗಡೆಯ ಚೀಟಿಯಲ್ಲಿ ಔಷಧಗಳ ಪಟ್ಟಿಯ ಜೊತೆಗೆ ಈ ಅಂಕಿಯೂ ಮರುಭೇಟಿಯ ದಿನಾಂಕವೂ ಇದ್ದರೆ, ಊರಿನ ಆರೋಗ್ಯ ಕೇಂದ್ರದ ವೈದ್ಯರಿಗೂ ಯಾರ ಮನೆಯ ಕಡೆ ಮೊದಲು ಗಮನ ಹರಿಸಬೇಕೆಂದು ತಿಳಿಯುತ್ತದೆ.