ಹುಟ್ಟಿದ ನಾಡಿಗೆ ಅತಿಥಿಯಾಗಿ ಬಂದ ನರ್ತಕ

ನೃತ್ಯವೆಂದೊಡನೆ ವೇಷಭೂಷಣ, ಗೆಜ್ಜೆ, ಹಿಮ್ಮೇಳಗಳ ವೈಭವವು ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಯಕ್ಷಗಾನದ ಚೆಂಡೆಯ ನಾದವನ್ನು ಕೇಳಿ ಬೆಳೆದವರಿಗಂತೂ ಭಾಗವತನಿಲ್ಲದೆ, ಎದುರು ವೇಷವಿಲ್ಲದೆ, ಒಬ್ಬನೇ ನರ್ತಕನು ಒಂದು ಜನಾಂಗದ ಚರಿತ್ರೆಯನ್ನೇ ಆಡಿ ತೋರಿಸುವನೆಂದರೆ ಆಶ್ಚರ್ಯವೆನಿಸೀತು. ಆ ಸಾಹಸವನ್ನು ಕೈಗೊಂಡವರು ಮೆಕ್ಸಿಕೋ ಸಂಜಾತರಾದ ಹೋಸೆ ಲಿಮೋನ್.

ಲಿಮೋನರು ೧೯೦೮ರಲ್ಲಿ ಸಿನಲೋವಾ ಪ್ರಾಂತದ ಕುಲಿಯಾಕಾನ್ ಪಟ್ಟಣದಲ್ಲಿ ಜನಿಸಿದರು. ತಂದೆ ಸಂಗೀತಗಾರರು. ೧೯೧೦ರಲ್ಲಿ ಮೆಕ್ಸಿಕೋದಲ್ಲಿ ಕ್ರಾಂತಿಯ ಬೆಂಕಿ ಹತ್ತಿತು. ೧೯೧೫ರಲ್ಲಿ ಈ ಕುಟುಂಬವು ಗಡಿ ದಾಟಿ ಅಮೇರಿಕೆಯನ್ನು ಸೇರಿತು. ಅಲ್ಲಿನ ಶಾಲೆಯಲ್ಲಿ ಬಾಲಕನ ಇಂಗ್ಲಿಷ್ ಉಚ್ಚಾರವನ್ನು ಕೇಳಿ ಸಹಪಾಠಿಗಳು ನಕ್ಕರು. ಆ ಭಾಷೆಯನ್ನು ಯಾರೂ ನಗದಂತೆ ಕಲಿತೇ ತೀರುವೆನೆಂದು ಬಾಲಕನು ಸಂಕಲ್ಪಿಸಿದನು. ಪರಭಾಷೆಯ ಊರಿನಲ್ಲಿ ಮೊದಲ ದಿನವೇ ಬಾಯಿ ತೆರೆದು ನಗೆಗೀಡಾದ ನಮ್ಮ ಹುಡುಗರಿಗೆ ಈ ನೋವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಚಿತ್ರಕಾರನಾಗಬೇಕೆಂದು ೧೯೨೮ರಲ್ಲಿ ಅವರು ನ್ಯೂಯಾರ್ಕಿಗೆ ಹೋದರು. ಅಲ್ಲಿ ಜರ್ಮನಿಯ ನರ್ತಕ ಹರಾಲ್ಡ್ ಕ್ರಾಯ್ಟ್ಸ್‌ಬರ್ಗರ ಪ್ರದರ್ಶನವನ್ನು ಕಂಡು ಕುಂಚವನ್ನು ಕೆಳಗಿಟ್ಟರು. ಇಪ್ಪತ್ತು ದಾಟಿದ ಮೇಲೆ ಡೋರಿಸ್ ಹಂಫ್ರಿ ಮತ್ತು ಚಾರ್ಲ್ಸ್ ವೈಡ್‌ಮನ್ನರ ಶಾಲೆಯಲ್ಲಿ ಮೊದಲ ಪಾಠದಿಂದ ಆರಂಭಿಸಿದರು. ಬ್ಯಾಲೆಯ ನರ್ತಕಿಯು ತನಗೆ ಭಾರವೇ ಇಲ್ಲವೆಂಬಂತೆ ತೇಲುವಳು. ಹಂಫ್ರಿಯವರ ಮಾರ್ಗ ಬೇರೆ. ಭೂಮಿಯು ದೇಹವನ್ನು ಸೆಳೆಯುತ್ತದೆ, ದೇಹವು ಬೀಳುತ್ತದೆ, ಬಿದ್ದು ಮತ್ತೆ ಏಳುತ್ತದೆ. ಈ ಪತನ-ಉತ್ಥಾನಗಳ ನಡುವಣ ಹೋರಾಟವೇ ನೃತ್ಯವೆಂಬುದು ಅವರ ಸಿದ್ಧಾಂತ.

೧೯೩೯ರಲ್ಲಿ ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲಿ ಲಿಮೋನರು 'ದಾನ್ಸಾಸ್ ಮೆಹಿಕಾನಾಸ್', ಎಂದರೆ ಮೆಕ್ಸಿಕೋ ನೃತ್ಯಗಳು, ಎಂಬ ಏಕವ್ಯಕ್ತಿ ನೃತ್ಯಮಾಲೆಯನ್ನು ಪ್ರದರ್ಶಿಸಿದರು. ಸಂಗೀತ ಲಯೊನೆಲ್ ನೊವಾಕ್‌ರದು. ನೃತ್ಯಗಳು ಐದು, ಪಾತ್ರಗಳೂ ಐದು: ಮೂಲನಿವಾಸಿ, ದಂಡೆತ್ತಿ ಬಂದ ಸ್ಪೇನಿಗ, ಹೊಲದ ಜೀತದಾಳು, ಕುಲೀನ ಶ್ರೀಮಂತ, ಕೊನೆಗೆ ಕ್ರಾಂತಿಕಾರಿ. ಗೆದ್ದವನೂ ಅವರೇ, ಸೋತವನೂ ಅವರೇ. ಒಡೆಯನೂ ಅವರೇ, ಆಳೂ ಅವರೇ. ಯಾವ ಕ್ರಾಂತಿಯು ತಮ್ಮ ಮನೆಯವರನ್ನು ತವರಿನಿಂದ ಹೊರಡಿಸಿತೋ ಅದರ ವೀರನಿಗೂ ಅವರು ತಮ್ಮ ಮೈಯಲ್ಲಿ ಸ್ಥಾನ ಕೊಟ್ಟರೆಂಬುದು ಗಮನಾರ್ಹ.

೧೯೪೬ರಲ್ಲಿ ಅವರು ಅಮೇರಿಕೆಯ ಪೌರರಾದರು. ಅದೇ ವರ್ಷ ಸ್ವಂತ ಮೇಳವನ್ನೂ ಕಟ್ಟಿದರು. ೧೯೫೦ರಲ್ಲಿ ಮೆಕ್ಸಿಕೋದ ರಾಷ್ಟ್ರೀಯ ಲಲಿತಕಲಾ ಸಂಸ್ಥೆಯ ನೃತ್ಯವಿಭಾಗದ ಮುಖ್ಯಸ್ಥರಾಗಿದ್ದ ಚಿತ್ರಕಾರ ಮಿಗೆಲ್ ಕೊವಾರ್ರೂಬಿಯಾಸ್ ಅವರನ್ನು ಆಹ್ವಾನಿಸಿದರು. ಏಳು ವರ್ಷದ ಬಾಲಕನಾಗಿ ಬಿಟ್ಟುಹೋಗಿದ್ದ ದೇಶದ ರಾಜಧಾನಿಯಲ್ಲಿ ನಲವತ್ತೆರಡರ ಲಿಮೋನರು ಅತಿಥಿಯಾಗಿ ನರ್ತಿಸಿದರು. ಮರುವರ್ಷ ಕಾರ್ಲೋಸ್ ಚಾವೆಸ್ಸರ ಸಂಗೀತಕ್ಕೆ 'ನಾಲ್ಕು ಸೂರ್ಯರು' ಎಂಬ, ಅಲ್ಲಿಯದೇ ಪುರಾಣದ ವಸ್ತುವುಳ್ಳ ನೃತ್ಯವನ್ನು ಸಂಯೋಜಿಸಿದರು. ಆದರೂ ಅಲ್ಲಿಯೇ ನೆಲೆಸಲಿಲ್ಲ; ತಮ್ಮ ಕೆಲಸವಿದ್ದ ನ್ಯೂಯಾರ್ಕಿಗೆ ಮರಳಿದರು.

ಇದನ್ನು ತವರಿನ ಮರೆವೆನ್ನಬಹುದೇ? ಎನ್ನಲಾಗದೆಂದು ನಮ್ಮ ಅಭಿಪ್ರಾಯ. ಅನ್ನ ಕೊಟ್ಟ ಊರನ್ನು ಬಿಡದೆಯೂ, ಹೆತ್ತ ನಾಡಿನ ಋಣವನ್ನು ಅಲ್ಲಿ ಕಲಿತ ವಿದ್ಯೆಯಿಂದಲೇ ತೀರಿಸಬಹುದು. ಲಿಮೋನರು ೧೯೭೨ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಮೇಳ ಇಂದಿಗೂ ನಡೆಯುತ್ತಿದೆ. ಊರಿಗೆ ಹಣ ಕಳುಹಿಸುವ ನಾವು, ಹಣದೊಡನೆ ಇನ್ನೇನನ್ನು ಕಳುಹಿಸಬಲ್ಲೆವೆಂದು ಒಮ್ಮೆ ಯೋಚಿಸುವುದು ಒಳಿತು.