ಪಿಕಪ್ ಗಾಡಿಗೆ ಹೊಸ ಸೈಲೆನ್ಸರ್: ಕೊಳ್ಳುವ ಮುನ್ನ ಒಂದಿಷ್ಟು ವಿಚಾರ



ಭಾಂಡುಪ್‌ನ ಕೇಳುಗರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರದು ಒಂದೇ ಒಂದು ಪಿಕಪ್ ಗಾಡಿ. ಬೆಳಗಿನ ಜಾವ ವಾಶಿಯ ಎ.ಪಿ.ಎಂ.ಸಿ. ಮಾರ್ಕೆಟ್‌ನಿಂದ ತರಕಾರಿ ತುಂಬಿಕೊಂಡು ಬಂದು ಮುಲುಂಡ್, ಘಾಟ್‌ಕೋಪರ್ ಕಡೆಯ ಹೋಟೆಲುಗಳಿಗೆ ಹಾಕುವುದು ಅವರ ಕಸುಬು. ಮಳೆಗಾಲ ಮುಗಿಯುವಷ್ಟರಲ್ಲಿ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದೆ. ಗ್ಯಾರೇಜಿನವರು ಮೂರು ದಾರಿ ತೋರಿಸಿದರಂತೆ. ಕಂಪನಿಯದೇ ಹೊಸದು, ಬೇರೆಯವರು ಮಾಡಿದ ಅಗ್ಗದ ಹೊಸದು, ಇಲ್ಲವೇ ಗುಜರಿಯಿಂದ ತಂದ ಹಳೆಯದು. "ಒಳಗಿನ ಜಾಲರಿ ತೆಗೆಸಿಬಿಟ್ಟರೆ ಗಾಡಿ ಚೆನ್ನಾಗಿ ಎಳೆಯುತ್ತದೆ, ಮೈಲೇಜೂ ಹೆಚ್ಚುತ್ತದೆ ಅನ್ನುತ್ತಾರೆ, ನಿಜವೇ?" ಎಂದು ಅವರು ಕೇಳಿದ್ದಾರೆ. ಒಂದೇ ಗಾಡಿಯ ಮೇಲೆ ಸಂಸಾರ ನಡೆಸುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಇಂಥ ಗಾಡಿ ಇಟ್ಟುಕೊಂಡ ಕನ್ನಡಿಗರು ಮುಂಬಯಿಯಲ್ಲಿ ಬಹಳ ಮಂದಿ ಇರುವುದರಿಂದ ಉತ್ತರವನ್ನು ಇಲ್ಲೇ ಕೊಡುತ್ತಿದ್ದೇವೆ.

ಹೆಸರು ಒಂದು, ವಸ್ತು ಎರಡು

ನಾವು ಸೈಲೆನ್ಸರ್ ಎಂದು ಒಟ್ಟಾಗಿ ಕರೆಯುವ ಕೊಳವೆಯಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಹಿಂಭಾಗದ ಡಬ್ಬಿ ಮಫ್ಲರ್. ಅದರೊಳಗಿನ ಕೋಣೆಗಳು, ತೂತಿನ ಕೊಳವೆಗಳು ಎಂಜಿನ್ನಿನ ಸದ್ದನ್ನು ಅಡಗಿಸುತ್ತವೆ. ಎಂಜಿನ್ನಿಗೆ ಹತ್ತಿರ, ಮುಂಭಾಗದಲ್ಲಿರುವುದು ಕೆಟಾಲಿಟಿಕ್ ಕನ್ವರ್ಟರ್. ಅದರೊಳಗೆ ಜೇನುಗೂಡಿನಂಥ ಜಾಲರಿ ಇದ್ದು, ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಬೆಲೆಬಾಳುವ ಲೋಹಗಳ ತೆಳುವಾದ ಲೇಪ ಇರುತ್ತದೆ. ವಿಷದ ಹೊಗೆಯನ್ನು ಕಡಿಮೆ ಮಾಡುವುದು ಇದರ ಕೆಲಸ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಇದರ ಜೊತೆಗೆ ಮಸಿ ಹಿಡಿಯುವ ಫಿಲ್ಟರ್, ಸೆನ್ಸರ್‌ಗಳೂ ಇರುತ್ತವೆ.

ಸಾಮಾನ್ಯವಾಗಿ ಮೊದಲು ತುಕ್ಕು ಹಿಡಿಯುವುದು ಹಿಂದಿನ ಮಫ್ಲರ್. ಅದು ಎಂಜಿನ್ನಿನಿಂದ ದೂರವಿರುವುದರಿಂದ ಪೂರ್ತಿ ಬಿಸಿಯಾಗುವುದಿಲ್ಲ, ಹೊಗೆಯಲ್ಲಿರುವ ನೀರಿನ ಆವಿ ಅಲ್ಲೇ ತಂಗುತ್ತದೆ. ಸಿ.ಎನ್.ಜಿ. ಉರಿದಾಗ ಡೀಸೆಲ್ಲಿಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ, ಹಾಗಾಗಿ ಸಿ.ಎನ್.ಜಿ. ಗಾಡಿಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಜೊತೆಗೆ ನಮ್ಮ ಸಮುದ್ರದ ಉಪ್ಪುಗಾಳಿ, ಹಿಂದ್‌ಮಾತಾದಲ್ಲಿ, ಅಂಧೇರಿ ಸಬ್‌ವೇಯಲ್ಲಿ ನಿಲ್ಲುವ ನೀರು ಬೇರೆ.

ಆದ್ದರಿಂದ ಮೊದಲ ಮಾತು ಇದು. ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಯಾವ ಭಾಗ ಹಾಳಾಗಿದೆ ಎಂದು ಕಣ್ಣಾರೆ ನೋಡಿ. ಮಫ್ಲರ್ ಮಾತ್ರ ಹೋಗಿದ್ದರೆ ಮಫ್ಲರ್ ಮಾತ್ರ ಬದಲಿಸಿ. ಮುಂದಿನ ಭಾಗವನ್ನು ಮುಟ್ಟಬೇಡಿ, ಮುಟ್ಟಗೊಡಬೇಡಿ.

ಜಾಲರಿ ತೆಗೆದರೆ ಎಳೆತ ಹೆಚ್ಚುತ್ತದೆಯೇ?

ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಜನ ನಂಬುತ್ತಾರೆ. ಜಾಲರಿ ಮಸಿಯಿಂದ ಕಟ್ಟಿಕೊಂಡಿದ್ದರೆ ಹೊಗೆ ಹೊರಹೋಗದೆ ಎಂಜಿನ್ ಉಸಿರುಗಟ್ಟುತ್ತದೆ. ಆಗ ಅದನ್ನು ಕಿತ್ತರೆ ಗಾಡಿ ಹಗುರಾದಂತೆ ಅನಿಸುವುದು ಸಹಜ. ಆದರೆ ಜಾಲರಿ ಸುಮ್ಮನೆ ಕಟ್ಟಿಕೊಳ್ಳುವುದಿಲ್ಲ. ಎಂಜಿನ್ ಆಯಿಲ್ ಸುಡುತ್ತಿರಬಹುದು, ಇಂಜೆಕ್ಟರ್ ಸರಿಯಿಲ್ಲದಿರಬಹುದು. ಆ ಕಾಯಿಲೆಗೆ ಮದ್ದು ಮಾಡದೆ ಜಾಲರಿ ಕಿತ್ತರೆ ಕಾಯಿಲೆ ಒಳಗೇ ಉಳಿಯುತ್ತದೆ.

ಜಾಲರಿ ಚೆನ್ನಾಗಿದ್ದಾಗ ತೆಗೆದರೆ ಲೋಡ್ ಗಾಡಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಡೀಸೆಲ್ ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ಈಗಿನ ಗಾಡಿಗಳಲ್ಲಿ ಕಂಪ್ಯೂಟರ್. ದಪ್ಪ ಪೈಪು ಹಾಕಿದ ಮಾತ್ರಕ್ಕೆ ಅದು ಶಕ್ತಿ ಹೆಚ್ಚಿಸುವುದಿಲ್ಲ. ಬಿ.ಎಸ್. 6 ಗಾಡಿಯಲ್ಲಿ ಸೆನ್ಸರ್ ದೂರು ಹೇಳಿ ಮೀಟರಿನಲ್ಲಿ ದೀಪ ಹತ್ತುತ್ತದೆ, ಎಂಜಿನ್ ತಾನಾಗಿಯೇ ಜೋರು ಕಡಿಮೆ ಮಾಡಿಕೊಳ್ಳುವುದೂ ಉಂಟು. ಸಿ.ಎನ್.ಜಿ. ಗಾಡಿಯಲ್ಲಿ ಆಕ್ಸಿಜನ್ ಸೆನ್ಸರಿನ ಮುಂಚೆ ಜೋಡಣೆ ಸಡಿಲವಾಗಿ ಹೊರಗಿನ ಗಾಳಿ ಒಳಸೇರಿದರೆ ಕಂಪ್ಯೂಟರ್ ಮೋಸಹೋಗಿ ಹೆಚ್ಚು ಗ್ಯಾಸ್ ಬಿಡುತ್ತದೆ. ಮೈಲೇಜ್ ಹೆಚ್ಚುವ ಬದಲು ಇಳಿಯುತ್ತದೆ.

ಗುಜರಿ ಮಾಲಿನ ಅಪಾಯ

ಮುಂಬಯಿಯಲ್ಲಿ ಹೊಸ ಬಿಡಿಭಾಗಕ್ಕೆ ಒಪೆರಾ ಹೌಸ್ ಕಡೆ, ಹಳೆಯದಕ್ಕೆ ಕುರ್ಲಾ ಕಡೆ ಹೋಗುವುದು ವಾಡಿಕೆ. ಅಲ್ಲಿ ನ್ಯಾಯವಾಗಿ ವ್ಯಾಪಾರ ಮಾಡುವವರು ಬೇಕಾದಷ್ಟು ಇದ್ದಾರೆ. ಆದರೆ ಸೈಲೆನ್ಸರ್ ವಿಷಯ ಬೇರೆ. ಇತ್ತೀಚಿನ ವರ್ಷಗಳಲ್ಲಿ ಗುಜರಾತ್, ಮಹಾರಾಷ್ಟ್ರಗಳಲ್ಲಿ ರಸ್ತೆ ಬದಿ ನಿಲ್ಲಿಸಿದ ಮಾರುತಿ ಈಕೋ ಗಾಡಿಗಳ ಸೈಲೆನ್ಸರ್ ಕಳವಾದ ಸುದ್ದಿಗಳನ್ನು ನೀವೂ ಓದಿರಬಹುದು. ಕಳ್ಳರಿಗೆ ಬೇಕಾದದ್ದು ಕಬ್ಬಿಣವಲ್ಲ, ಒಳಗಿನ ಪ್ಲಾಟಿನಂ ಜಾತಿಯ ಲೋಹ.

ಇದರಿಂದ ಕೊಳ್ಳುವವನಿಗೆ ಎರಡು ಅಪಾಯ. ಒಂದು, ಹಳೆಯ ಕನ್ವರ್ಟರ್ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿರಬಹುದು. ಎರಡು, ಅದು ಕದ್ದ ಮಾಲಾಗಿರಬಹುದು. ಕದ್ದದ್ದೆಂದು ತಿಳಿದೂ ಕೊಂಡರೆ ಕೊಂಡವನೂ ಅಪರಾಧಿಯೇ. ಬಿಲ್ ಕೊಡದ ಕನ್ವರ್ಟರ್ ಎಷ್ಟೇ ಅಗ್ಗವಾದರೂ ಬೇಡ.

ಕಾನೂನು ಏನು ಹೇಳುತ್ತದೆ?

ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. ಕಂಪನಿ ಮಾಡಿಕೊಟ್ಟ ಮೂಲ ರೂಪಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಬಾರದೆಂದು 1988ರ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಲೈಸೆನ್ಸ್ ಮೂರು ತಿಂಗಳು ಅಮಾನತಾಗುತ್ತದೆ. ಲೈಸೆನ್ಸ್ ಇಲ್ಲದ ಮೂರು ತಿಂಗಳು ಎಂದರೆ ಒಂದೇ ಗಾಡಿಯವನಿಗೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೇಲಿಂದ ಆರ್.ಟಿ.ಓ. ಪಾಸಿಂಗ್, ಪಿ.ಯು.ಸಿ. ತಪಾಸಣೆಗಳೂ ಇವೆ.

ಸದ್ದಿನ ಮಾತನ್ನೂ ಮರೆಯಬಾರದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಬೆಳಗಿನ ಮೂರು ಗಂಟೆಗೆ ಚಾಳಿನ ಮುಂದೆ ನಮ್ಮ ಗಾಡಿ ಗುಡುಗಿದರೆ ಎಚ್ಚರವಾಗುವುದು ನೆರೆಮನೆಯ ಮಗುವಿಗೆ.

ಮಫ್ಲರ್ ಆರಿಸುವಾಗ

• ನಿಮ್ಮ ಗಾಡಿಯ ಮಾಡೆಲ್, ವರ್ಷ, ಇಂಧನ ಮೂರನ್ನೂ ಹೇಳಿ ಕೇಳಿ. ಒಂದೇ ಹೆಸರಿನ ಗಾಡಿಯಲ್ಲೂ ಬಿ.ಎಸ್. 4ರ ಭಾಗ ಬಿ.ಎಸ್. 6ಕ್ಕೆ ಹೊಂದದಿರಬಹುದು.

• ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಪೈಪಿನ ದಪ್ಪ, ಉದ್ದ, ನೇತುಹಾಕುವ ಕೊಕ್ಕೆಗಳ ಜಾಗ ಒಂದೇ ಇರಬೇಕು.

• ಕೈಯಲ್ಲೆತ್ತಿ ತೂಕ ನೋಡಿ. ತೀರಾ ಹಗುರಾಗಿದ್ದರೆ ತಗಡು ತೆಳ್ಳಗಿದೆ, ಇಲ್ಲವೇ ಒಳಗಿನ ಕೋಣೆಗಳೇ ಇಲ್ಲ.

• ಸಾದಾ ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಲೇಪದ ಉಕ್ಕು ಮೇಲು, ಅದಕ್ಕಿಂತ ಸ್ಟೇನ್‌ಲೆಸ್ ಮೇಲು. '304 ಸ್ಟೇನ್‌ಲೆಸ್' ಎಂದು ಹೆಚ್ಚು ಹಣ ಕೇಳಿದರೆ ಅಯಸ್ಕಾಂತ ಹಿಡಿದು ನೋಡಿ, ಬಲವಾಗಿ ಅಂಟಿದರೆ ಅದು 304 ಅಲ್ಲ. ಕಂಪನಿಗಳು ಹೆಚ್ಚಾಗಿ ಬಳಸುವ 409 ಜಾತಿಯ ಸ್ಟೇನ್‌ಲೆಸ್ ಅಂಟುತ್ತದೆ, ಅದು ಕೆಟ್ಟದ್ದೇನಲ್ಲ. 304ರ ಬೆಲೆ ಕೊಡಬೇಡಿ, ಅಷ್ಟೇ.

• ಗ್ಯಾಸ್ಕೆಟ್, ಕ್ಲಾಂಪ್, ರಬ್ಬರ್‌ಗಳನ್ನು ಹೊಸದಾಗಿ ಹಾಕಿಸಿ. ಹೊಗೆ ಪೈಪು ಡೀಸೆಲ್ ಪೈಪಿನಿಂದ ಕನಿಷ್ಠ 35 ಮಿಲಿಮೀಟರ್ ದೂರವಿರಬೇಕೆಂದು ನಿಯಮವಿದೆ, ಜೋಡಿಸಿದ ಮೇಲೆ ನೋಡಿಕೊಳ್ಳಿ.

• ಮಫ್ಲರಿನ ತಳದಲ್ಲಿ ನೀರು ಇಳಿಯಲೆಂದು ಕಂಪನಿಯವರೇ ಬಿಟ್ಟ ಸಣ್ಣ ತೂತು ಇದ್ದರೆ ಅದನ್ನು ವೆಲ್ಡ್ ಮಾಡಿಸಬೇಡಿ.

ಕೊನೆಯದಾಗಿ, ಪ್ರಾಣದ ಮಾತು. ಜೋಡಣೆಯಲ್ಲಿ ಸೋರಿಕೆ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಕ್ಯಾಬಿನ್ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಾರ್ಕೆಟ್ ಸಾಲಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ಗಾಜು ಏರಿಸಿ ನಿದ್ದೆ ಮಾಡುವ ಡ್ರೈವರ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಸೈಲೆನ್ಸರ್ ಸರಿಯಿದ್ದರೂ ಹಾಗೆ ಮಲಗಬಾರದು, ತೂತಾಗಿದ್ದರಂತೂ ಖಂಡಿತ ಬೇಡ. ಗ್ಯಾರೇಜಿನಿಂದ ಹೊರಡುವ ಮುನ್ನ ಎಂಜಿನ್ ಚಾಲೂ ಮಾಡಿಸಿ, ಪ್ರತಿ ಜೋಡಣೆಯ ಹತ್ತಿರ ಕಿವಿಗೊಟ್ಟು ಕೇಳಿ. ಬುಸುಗುಟ್ಟುವ ಸದ್ದು ಬಂದರೆ ಮತ್ತೆ ಬಿಗಿಸಿ.

ಭಾಂಡುಪ್‌ನ ಮಿತ್ರರಿಗೆ ನಮ್ಮ ಉತ್ತರ ಇಷ್ಟೇ. ಕನ್ವರ್ಟರ್ ಚೆನ್ನಾಗಿದ್ದರೆ ಅದನ್ನು ಹಾಗೇ ಬಿಡಿ. ಹಿಂದಿನ ಮಫ್ಲರ್ ಮಾತ್ರ ಬದಲಿಸಿ, ಅದು ಕಂಪನಿಯದೇ ಆಗಬೇಕೆಂದಿಲ್ಲ, ಅಳತೆ ಸರಿಯಿದ್ದು ತಗಡು ಗಟ್ಟಿಯಿದ್ದರೆ ಸಾಕು. ಕನ್ವರ್ಟರೇ ಹೋಗಿದ್ದರೆ ಮೊದಲು ಎಂಜಿನ್ ತೋರಿಸಿ, ಆಮೇಲೆ ಕಂಪನಿಯದನ್ನೇ ಬಿಲ್ ಸಮೇತ ಹಾಕಿಸಿ. ಬಿಲ್ಲನ್ನು ಗಾಡಿಯ ಕಾಗದಗಳ ಜೊತೆಗೇ ಇಟ್ಟುಕೊಳ್ಳಿ.